ಡ್ಯಾಂಡೆಲಿಯನ್ ಬೇರಿನ ಕಾಫಿ: ಮೂರು ವರ್ಷ ಕುಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಇದು ಕಾಫಿ ಅಲ್ಲ. ಕಾಫಿ ಅಂತ ಬಾಯಿಗಿಟ್ಟರೆ ಬೇಜಾರಾಗುತ್ತದೆ. ಆದರೆ ಸಂಜೆ ನಾಲ್ಕು ಗಂಟೆಯ ಆ ಎರಡನೇ ಲೋಟ ಇದೆಯಲ್ಲ, ಅದರ ಜಾಗವನ್ನು ನನ್ನ ಮನೆಯಲ್ಲಿ ಮೂರು ವರ್ಷದಿಂದ ಹಿಡಿದು ನಿಂತಿರುವುದು ಇದೊಂದೇ.

ನಾನು ಸಕಲೇಶಪುರದ ಕಡೆಯವಳು. ಕೆನಡಾದ ಒಂಟಾರಿಯೊಗೆ ಬಂದು ಹನ್ನೊಂದು ವರ್ಷ ಆಯಿತು, ವಾಟರ್‌ಲೂನಲ್ಲಿ ಇದ್ದೇವೆ. ಅಮ್ಮ ಕೊಟ್ಟ ಸ್ಟೀಲ್ ಫಿಲ್ಟರ್ ಜೊತೆಗೇ ಬಂತು. ದಿನಕ್ಕೆ ಮೂರು ಲೋಟ ಕಾಫಿ, ಅದರ ಬಗ್ಗೆ ಎಂದೂ ಯೋಚನೆ ಮಾಡಿದವಳಲ್ಲ. ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ ಎದೆ ಡವಗುಟ್ಟಲು ಶುರುವಾಯಿತು. ರಾತ್ರಿ ಎರಡಕ್ಕೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ. ಡಾಕ್ಟರು ಇಸಿಜಿ, ರಕ್ತ ಎಲ್ಲ ನೋಡಿ, ಹೃದಯ ಚೆನ್ನಾಗಿದೆ, ಮಧ್ಯಾಹ್ನದ ಮೇಲೆ ಕೆಫೀನ್ ಬಿಡಿ ಅಂದರು. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ತನಕ ಪರವಾಗಿಲ್ಲ, ಬಸುರಿ, ಬಾಣಂತಿಯರಿಗೆ 300 ಅಂತ ಇಲ್ಲಿನ ಸರ್ಕಾರದ ಆರೋಗ್ಯ ಇಲಾಖೆ ಹೆಲ್ತ್ ಕೆನಡಾ ಹೇಳುತ್ತದೆ. ನಾನು ಆ ಲೆಕ್ಕದ ಒಳಗೇ ಇದ್ದೆ. ಆದರೆ ಒಳಗೆ ಹೋದ ಕೆಫೀನ್ ಅರ್ಧ ಇಳಿಯುವುದಕ್ಕೇ ಸುಮಾರು 5 ಗಂಟೆ ಬೇಕು. ಒಬ್ಬೊಬ್ಬರ ಮೈಯಲ್ಲಿ ಇನ್ನೂ ನಿಧಾನ. ಸಂಜೆಯ ಕಾಫಿ ಮಲಗುವ ಹೊತ್ತಿಗೂ ನನ್ನೊಳಗೆ ಕೂತಿರುತ್ತಿತ್ತು.

ಡಿಕ್ಯಾಫ್, ಅಂದರೆ ಕೆಫೀನ್ ತೆಗೆದ ಕಾಫಿ, ಮಾಡಿ ನೋಡಿದೆ. ಅದರಲ್ಲೂ ಒಂದಿಷ್ಟು ಕೆಫೀನ್ ಉಳಿದೇ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಫಿಲ್ಟರ್‌ಗೆ ಬೇಕಾದ ಹದದ ಪುಡಿ ಇಲ್ಲಿ ಸಿಗಲಿಲ್ಲ. ಹಾಲು ಬಿದ್ದ ಕೂಡಲೇ ರುಚಿ ಸತ್ತುಹೋಗುತ್ತಿತ್ತು. ಆಗ ಕಣ್ಣಿಗೆ ಬಿದ್ದದ್ದು ಹುರಿದ ಡ್ಯಾಂಡೆಲಿಯನ್ ಬೇರು.

ಈ ಗಿಡವನ್ನು ಇಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೇ ತಿಂಗಳಲ್ಲಿ ಮನೆ ಮುಂದಿನ ಹುಲ್ಲೆಲ್ಲ ಹಳದಿ. ಆಮೇಲೆ ಊದಿದರೆ ಹಾರಿಹೋಗುವ ಬಿಳಿ ಗೊಂಡೆ. ಎಲೆಯ ಅಂಚು ಹಲ್ಲುಹಲ್ಲು, ಫ್ರೆಂಚಿನ 'ಸಿಂಹದ ಹಲ್ಲು' ಅನ್ನುವ ಮಾತೇ ಡ್ಯಾಂಡೆಲಿಯನ್ ಆಗಿದೆ. 2009ರಲ್ಲಿ ಒಂಟಾರಿಯೊ ಸರ್ಕಾರ ಬರೀ ಅಂದಕ್ಕೋಸ್ಕರ ಹುಲ್ಲಿಗೆ ಕಳೆನಾಶಕ ಹೊಡೆಯುವುದನ್ನು ನಿಲ್ಲಿಸಿತು. ಅದರಿಂದ ಇದನ್ನು ಕೈಯಲ್ಲಿ ಕೀಳುವುದೇ ಹೆಚ್ಚು. ನನಗಂತೂ ಅದರಿಂದ ಒಳ್ಳೆಯದೇ ಆಯಿತು, ಮುಂದೆ ಹೇಳುತ್ತೇನೆ.

ಮೊದಲ ಪೊಟ್ಟಣ ತಂದಾಗ ನಾನು ಮಾಡಿದ್ದು ಎಲ್ಲ ಕನ್ನಡಿಗರೂ ಮಾಡುವ ಕೆಲಸ. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಫಿಲ್ಟರ್‌ಗೆ ಹಾಕಿ ಒತ್ತಿ, ಮೇಲೆ ಕುದಿನೀರು. ಒಂದು ಗಂಟೆ ಕಾದರೂ ಕೆಳಗೆ ನಾಲ್ಕು ಹನಿ. ಮುಚ್ಚಳ ತೆಗೆದು ನೋಡಿದರೆ ಪುಡಿ ಊದಿಕೊಂಡು ಅಂಟಂಟು, ತೂತಿಗೆಲ್ಲ ಮೆತ್ತಿಕೊಂಡಿತ್ತು. ಮಾರನೇ ದಿನ ತರಿತರಿ ಪುಡಿ ಹಾಕಿದೆ. ನೀರು ಸರ್ ಅಂತ ಇಳಿದುಹೋಯಿತು, ಬಣ್ಣ ಬಂದಿತ್ತೇ ಹೊರತು ಸತ್ವ ಇರಲಿಲ್ಲ.

ಬೇರು ಬೇರೇ, ಬೀಜ ಬೀಜವೇ. ಬೇರನ್ನು ಕುದಿಸಬೇಕು. ಈಗ ನಾನು ಮಾಡುವುದು ಹೀಗೆ: ಎರಡು ಲೋಟಕ್ಕೆ ಒಂದು ಲೋಟ ನೀರು, ಅದಕ್ಕೆ ತುಂಬಿದ ಎರಡು ಟೀ ಚಮಚ ತರಿ ಪುಡಿ. ಸಣ್ಣ ಉರಿಯಲ್ಲಿ ಹತ್ತು ನಿಮಿಷ, ನೀರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉಳಿಯುವ ತನಕ. ಒಲೆ ಆರಿಸಿ ಎರಡು ನಿಮಿಷ ಮುಚ್ಚಿಟ್ಟರೆ ಚರಟ ಕೆಳಗೆ ಕೂರುತ್ತದೆ. ಬಟ್ಟೆಯಲ್ಲಿ ಸೋಸಿದರೆ ಕಪ್ಪಗೆ, ಸ್ವಲ್ಪ ಮಂದಕ್ಕೆ ಡಿಕಾಕ್ಷನ್. ಹಾಲು ಆಗಷ್ಟೇ ಉಕ್ಕಿದ್ದಾಗಿರಬೇಕು. ಫ್ರಿಜ್ಜಿನ ತಣ್ಣನೆ ಹಾಲು ಹಾಕಿದರೆ ಕಷಾಯದ ರುಚಿ ಮೇಲೆದ್ದು ಬರುತ್ತದೆ. ಸಕ್ಕರೆ ಮಾಮೂಲಿಗಿಂತ ಅರ್ಧ ಸಾಕು. ಎತ್ತಿ ಹೊಯ್ದು ನೊರೆ ಬರಿಸಿದರೆ ಕಣ್ಣಿಗೆ ಸಾಕ್ಷಾತ್ ಕಾಫಿಯೇ.

ರುಚಿ ಹೇಗೆ ಅಂದರೆ, ಮೂಗಿಗೆ ಮೊದಲು ಬರುವುದು ಹುರಿದ ಕಡಲೆಯ ವಾಸನೆ. ಬಾಯಲ್ಲಿ ಕಹಿ ಇದೆ, ಆದರೆ ಕಾಫಿಯ ಚುರುಕು ಕಹಿ ಅಲ್ಲ, ದುಂಡಗಿನ ಕಹಿ. ಕೊನೆಗೆ ಬೆಲ್ಲದ ಪಾಕ ಸ್ವಲ್ಪ ಹೊತ್ತಿದಾಗ ಬರುತ್ತದಲ್ಲ, ಅಂಥ ಸಿಹಿ. ಕಾಫಿಯ ಹುಳಿ ಇಲ್ಲವೇ ಇಲ್ಲ. ಕಳೆದ ವರ್ಷ ಅಮ್ಮ ಬಂದಿದ್ದಾಗ ಏನೂ ಹೇಳದೆ ಲೋಟ ಕೈಗಿಟ್ಟೆ. ಒಂದು ಗುಟುಕು ಕುಡಿದು ಲೋಟದೊಳಗೆ ನೋಡಿದಳು. "ಏನೇ ಇದು, ಚಿಕೋರಿ ಜಾಸ್ತಿ ಬಿತ್ತಲ್ಲೇ? ಎಷ್ಟಕ್ಕೆ ಎಷ್ಟು ಹಾಕಿಸಿದ್ದೀ?" ಅಂದಳು.

ಅಮ್ಮನ ನಾಲಗೆ ಸರಿಯಾಗೇ ಹೇಳಿತ್ತು. ಚಿಕೋರಿಯೂ ಡ್ಯಾಂಡೆಲಿಯನ್ನೂ ಒಂದೇ ಕುಟುಂಬದ ಗಿಡಗಳು, ಸೂರ್ಯಕಾಂತಿಯ ದೊಡ್ಡ ಬಳಗಕ್ಕೆ ಸೇರಿದವು. ಎರಡರ ಬೇರಿನಲ್ಲೂ ಇನುಲಿನ್ ಅನ್ನುವ ನಾರಿನ ಜಾತಿಯ ಪದಾರ್ಥ ತುಂಬಿರುತ್ತದೆ. ಹುರಿದಾಗ ಅದರಲ್ಲಿ ಒಂದಷ್ಟು ಒಡೆದು ಸಕ್ಕರೆಯಾಗಿ ಕೆಂಪಗೆ ಸೀಯುತ್ತದೆ. ಬಣ್ಣ, ಸಿಹಿ, ಆ ಪರಿಮಳ ಹೆಚ್ಚಾಗಿ ಅಲ್ಲಿಂದಲೇ. ಎರಡರಲ್ಲೂ ಕೆಫೀನ್ ಸೊನ್ನೆ. 80:20 ಅಂತ ನಾವು ಊರಲ್ಲಿ ಪುಡಿ ಮಾಡಿಸುತ್ತೇವಲ್ಲ, ಆ 20ರ ತಂಗಿ ಇದು. ಬರೀ ಕಾಫಿ ಕುಡಿದು ಬೆಳೆದವರಿಗಿಂತ ಚಿಕೋರಿ ಬೆರೆಸಿದ ಕಾಫಿ ಕುಡಿದು ಬೆಳೆದ ನಮ್ಮಂಥವರಿಗೆ ಇದು ಬೇಗ ಒಗ್ಗುತ್ತದೆ ಅನ್ನುವುದು ನನ್ನ ಅನುಭವ.

ಅಂಗಡಿಯಲ್ಲಿ ಸಿಗುವುದು ಮೂರು ತರ. ಟೀ ಬ್ಯಾಗ್ ಹಾಲಿಗೆ ನಿಲ್ಲುವುದಿಲ್ಲ, ನೀರಿನಲ್ಲಿ ಕುಡಿಯುವವರಿಗೆ ಸರಿ. ಇನ್‌ಸ್ಟಂಟ್ ಪುಡಿ ಆಫೀಸಿಗೆ ಅನುಕೂಲ, ಆದರೆ ಪೊಟ್ಟಣದ ಹಿಂದೆ ಓದಿ ನೋಡಿ. ಎಷ್ಟೋ ಪುಡಿಗಳಲ್ಲಿ ಬಾರ್ಲಿ, ರೈ, ಚಿಕೋರಿ, ಬೀಟ್‌ರೂಟ್ ಸೇರಿರುತ್ತದೆ. ಬಾರ್ಲಿ, ರೈ ಧಾನ್ಯಗಳಲ್ಲಿ ಇರುವ ಗ್ಲುಟನ್ ಆಗದವರು ಲೇಬಲ್ ನೋಡದೆ ಕೊಳ್ಳಬಾರದು. ಇನ್‌ಸ್ಟಂಟ್ ಪುಡಿ ತೇವ ಹೀರುತ್ತದೆ, ನಾನು ತರಿಸಿದ ಒಂದು ಡಬ್ಬಿ ಮನೆಗೆ ಬರುವ ಹೊತ್ತಿಗೇ ಒಳಗೆ ಬೆಲ್ಲದ ಉಂಡೆ ತರ ಗಟ್ಟಿಯಾಗಿತ್ತು. ನನಗೆ ಇಷ್ಟವಾದದ್ದು ಹುರಿದ ಬೇರಿನ ತುಂಡುಗಳು. ಅದರಲ್ಲೂ ಹುರಿತ ನೋಡಿ ತೆಗೆದುಕೊಳ್ಳಬೇಕು. ತಿಳಿ ಕಂದು ಇದ್ದರೆ ಮಣ್ಣಿನ ರುಚಿ ಬಿಡುವುದಿಲ್ಲ, ಕಾಫಿ ಬೀಜದ ಬಣ್ಣಕ್ಕೆ ಬಂದಿರಬೇಕು. ಒಂದು ಸಲ ಪೂರ್ತಿ ಹಸಿಹಸಿ ಬಂದಿತ್ತು. ಬಾಣಲೆಯಲ್ಲಿ ಹಾಕಿ ಎಂಟು ನಿಮಿಷ ಮತ್ತೆ ಹುರಿದೆ, ಸರಿಹೋಯಿತು. ಬೆಲೆ ಮಾತ್ರ ಒಳ್ಳೆ ಕಾಫಿ ಪುಡಿಗಿಂತ ಜಾಸ್ತಿ.

ಬೆಲೆ ನೋಡಿಯೇ ಎರಡನೇ ವರ್ಷ ಕಳೆನಾಶಕ ಬೀಳದ ಹಿತ್ತಲಲ್ಲಿ ನಾನೇ ಅಗೆದೆ. ಬೇರಿನಲ್ಲಿ ಇನುಲಿನ್ ಹೆಚ್ಚಿರುವುದು ಶರತ್ಕಾಲದಲ್ಲಿ, ವಸಂತದಲ್ಲಿ ಕಮ್ಮಿ. ಅದಕ್ಕೇ ಅಕ್ಟೋಬರ್ ತನಕ ಕಾದೆ. ಹಿಂದಿನ ದಿನ ಮಳೆ ಬಂದು ನೆಲ ಮೆತ್ತಗಿತ್ತು. ಗಿಡದ ಬುಡಕ್ಕೆ ಒಂದು ಗೇಣು ದೂರದಲ್ಲಿ ಸಲಿಕೆ ಇಳಿಸಿ ಮಣ್ಣು ಸಡಿಲ ಮಾಡಿ, ಎರಡೂ ಕೈಯಲ್ಲಿ ಹಿಡಿದು ಎಳೆಯಬೇಕು. ಅವಸರ ಮಾಡಿದರೆ ಟಕ್ ಅಂತ ಮುರಿಯುತ್ತದೆ, ಮುರಿದ ಜಾಗದಲ್ಲಿ ಹಲಸಿನ ಮೇಣದ ಹಾಗೆ ಬಿಳಿ ಹಾಲು. ಕೈಗೆ ಹತ್ತಿದರೆ ಕಂದು ಕಲೆ, ಎರಡು ದಿನ ಹೋಗುವುದಿಲ್ಲ. ಒಳಗೆ ಉಳಿದ ತುಂಡು ಮುಂದಿನ ವರ್ಷ ಮತ್ತೆ ಚಿಗುರುತ್ತದೆ. ಸಿಪ್ಪೆ ಕೆರೆಯದೆ ಬ್ರಷ್ಷಿನಲ್ಲಿ ಉಜ್ಜಿ, ನಾಲ್ಕು ನೀರಿನಲ್ಲಿ ತೊಳೆದು, ಸಣ್ಣಗೆ ಹೆಚ್ಚಿ, ಓವನ್ನಿನಲ್ಲಿ ಸಣ್ಣ ಬಿಸಿಯಲ್ಲಿ ಒಣಗಿಸಿ, ಆಮೇಲೆ 175 ಡಿಗ್ರಿಯಲ್ಲಿ ಅರ್ಧ ಗಂಟೆ ಹುರಿದೆ. ಮನೆ ತುಂಬ ಚಾಕೊಲೇಟಿನ ಹಾಗೆ ಪರಿಮಳ. ಕೊನೆಯ ಐದು ನಿಮಿಷ ಅಲ್ಲೇ ನಿಂತಿರಬೇಕು, ಕಣ್ಣು ತಪ್ಪಿದರೆ ಸೀದುಹೋಗುತ್ತದೆ. ಒಂದು ಬಕೆಟ್ ಬೇರು ತಂದಿದ್ದೆ. ಕೊನೆಗೆ ಸಿಕ್ಕಿದ್ದು ಒಂದು ಹಾರ್ಲಿಕ್ಸ್ ಬಾಟಲಿಯ ಮುಕ್ಕಾಲು.

ಆಗ ಗೊತ್ತಾದದ್ದು, ನಾನು ಮಾಡಿದ ಕೆಲಸವನ್ನೇ ಇದೇ ಒಂಟಾರಿಯೊದಲ್ಲಿ ಒಬ್ಬ ಹೆಂಗಸು ಸುಮಾರು ಇನ್ನೂರು ವರ್ಷದ ಹಿಂದೆ ಮಾಡಿದ್ದಳು. ಸುಸಾನಾ ಮೂಡಿ 1832ರಲ್ಲಿ ಇಂಗ್ಲೆಂಡಿನಿಂದ ವಲಸೆ ಬಂದು ಪೀಟರ್‌ಬರೋ ಕಡೆಯ ಕಾಡಿನಲ್ಲಿ ಸಂಸಾರ ಹೂಡಿದವಳು. ಅಲ್ಲಿನ ಬದುಕಿನ ಬಗ್ಗೆ 1852ರಲ್ಲಿ ಬಂದ ಅವಳ ಪುಸ್ತಕದಲ್ಲಿ ಇದರ ವಿವರ ಇದೆ. 1835ರ ಶರತ್ಕಾಲದಲ್ಲಿ ಆಲೂಗಡ್ಡೆ ಅಗೆಸುವಾಗ ಈ ಬೇರು ಸಿಕ್ಕಿದವಂತೆ. ರಾಜ್ಮಾ ಕಾಳಿನಷ್ಟು ಹೆಚ್ಚಿ, ಕಾಫಿಯ ಹಾಗೆ ಗರಿಗರಿ ಹುರಿದು, ಪುಡಿ ಮಾಡಿ, ನೀರು ಹಾಕಿ ಚೆನ್ನಾಗಿ ಕುದಿಸಿದಳು. ಮೇಲಿನ ಕಂದು ಸಿಪ್ಪೆ ತೆಗೆಯಬಾರದು, ಪರಿಮಳ ಅದರಲ್ಲೇ ಇರುವುದು ಅಂತಲೂ ಬರೆದಿದ್ದಾಳೆ. ಅವಳೂ ಕುದಿಸಿದಳು ಅಂತ ಓದಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಂಗಡಿಯ ಕಾಫಿ ಕೈಗೆಟುಕದ ಕಾಲದಲ್ಲಿ ಆ ಕಾಡಿನ ನಡುವೆ ಬಿಸಿಬಿಸಿ ಲೋಟ ಹಿಡಿದು ಕೂತ ಅವಳನ್ನು ಈಗಲೂ ಒಮ್ಮೊಮ್ಮೆ ನೆನೆಯುತ್ತೇನೆ.

ಮೈಗೆ ಏನಾಯಿತು ಅಂದರೆ, ಮೊದಲ ವಾರ ತಲೆನೋವು. ಅದು ಬೇರಿನದಲ್ಲ, ಮಧ್ಯಾಹ್ನದ ಮೇಲಿನ ಕಾಫಿ ಒಮ್ಮೆಗೇ ಬಿಟ್ಟದ್ದರದ್ದು. ನೀವು ಬಿಡುವುದಾದರೆ ಡಿಕಾಕ್ಷನ್ನಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಕಮ್ಮಿ ಮಾಡಿ. ಎರಡನೇ ವಾರ ಖುಷಿಯಲ್ಲಿ ದೊಡ್ಡ ಮಗ್ಗಿನಲ್ಲಿ ಎರಡೆರಡು ಕುಡಿದೆ, ಹೊಟ್ಟೆ ಉಬ್ಬರಿಸಿತು. ಇನುಲಿನ್ ಜಾಸ್ತಿ ಹೋದರೆ ಕರುಳಿನಲ್ಲಿ ಗ್ಯಾಸ್ ಆಗುತ್ತದೆ. ದಿನಕ್ಕೆ ಒಂದು ಲೋಟಕ್ಕೆ ಇಳಿಸಿದ ಮೇಲೆ ತೊಂದರೆ ಇಲ್ಲ. ಮೂತ್ರ ಸ್ವಲ್ಪ ಜಾಸ್ತಿ ಆಗುತ್ತದೆ. ಫ್ರೆಂಚರು ಈ ಗಿಡಕ್ಕೆ 'ಹಾಸಿಗೆ ಒದ್ದೆ' ಅಂತ ಅರ್ಥ ಬರುವ ಹೆಸರನ್ನೇ ಇಟ್ಟಿದ್ದಾರೆ. ಅದಕ್ಕೆ ಆರು ಗಂಟೆಯ ಮೇಲೆ ಕುಡಿಯುವುದಿಲ್ಲ. ನಿದ್ದೆ ಒಂದು ತಿಂಗಳಲ್ಲಿ ಸರಿಹೋಯಿತು, ಎದೆ ಡವಡವ ನಿಂತಿತು. ಇದು ಬೇರಿನ ಮಹಿಮೆ ಅಲ್ಲ, ಕೆಫೀನ್ ಇಳಿದದ್ದು. ಲಿವರ್ ಶುದ್ಧಿ ಮಾಡುತ್ತದೆ ಅಂತ ಎಷ್ಟೋ ಪೊಟ್ಟಣದ ಮೇಲೆ ಇರುತ್ತದೆ. ಅದಕ್ಕೆ ಮನುಷ್ಯರ ಮೇಲೆ ಮಾಡಿದ ಗಟ್ಟಿ ಪುರಾವೆ ಇಲ್ಲ. ಆ ಆಸೆಗೆ ದುಡ್ಡು ಕೊಡಬೇಡಿ.

ಪಿತ್ತಕೋಶದಲ್ಲಿ ಕಲ್ಲು ಇರುವವರು, ಪಿತ್ತನಾಳದ ತೊಂದರೆ ಇರುವವರು, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಮೂತ್ರ ಹೋಗಿಸುವ ಮಾತ್ರೆ, ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರೂ ಅಷ್ಟೇ. ರ‍್ಯಾಗ್‌ವೀಡ್ ಅನ್ನುವ ಕಳೆ ಅಥವಾ ಸೇವಂತಿಗೆ ಜಾತಿಯ ಹೂವು ಆಗದವರಿಗೆ ಇದೂ ಅಲರ್ಜಿ ಆಗಬಹುದು. ಅಗೆಯುವುದಾದರೆ ನಿಮ್ಮದೇ ಹಿತ್ತಲಲ್ಲಿ ಅಗೆಯಿರಿ. ರಸ್ತೆ ಬದಿಯದ್ದು, ನಾಯಿ ಓಡಾಡುವ ಪಾರ್ಕಿನದ್ದು ಬೇಡ.

ಬೆಳಿಗ್ಗೆ ಈಗಲೂ ಒಂದು ಲೋಟ ಊರಿನ ಪುಡಿಯ ಕಾಫಿ ಕುಡಿಯುತ್ತೇನೆ. ಅದರ ಜಾಗಕ್ಕೆ ಇದನ್ನು ತರುವ ಯೋಚನೆ ಯಾವತ್ತೂ ಬಂದಿಲ್ಲ, ಬೆಳಗಿನ ಕಾಫಿಗೆ ಬದಲಿ ಅಂತ ಇದಕ್ಕೆ ಅಂಕ ಕೊಡುವುದಿಲ್ಲ. ಸಂಜೆಗೆ 5ಕ್ಕೆ 4. ಒಂದು ಅಂಕ ಕಳೆದದ್ದು ಬೆಲೆಗೆ. ಅಮ್ಮ ಊರಿಗೆ ಹೊರಟಾಗ ಒಂದು ಸಣ್ಣ ಡಬ್ಬಿ ಪುಡಿ ಕಟ್ಟಿಸಿಕೊಂಡು ಹೋದಳು. ಮೊನ್ನೆ ಫೋನಿನಲ್ಲಿ, ಅದು ಮುಗಿದಿದೆ, ಈ ಸಲ ಬರುವವರ ಕೈಯಲ್ಲಿ ಇನ್ನೊಂದು ಸ್ವಲ್ಪ ಕಳಿಸು ಅಂದಳು.