ಸೋತ ಹುಡುಗರ ಕೈಬಿಡದ ಗರಡಿ ಮನೆ

ಕಲಬುರಗಿಯ ಹಳೆಯ ಓಣಿಯೊಂದರಲ್ಲಿರುವ ಈ ಕುಸ್ತಿಯ ಗರಡಿ ಮನೆಗೆ ಮಗನನ್ನು ಸೇರಿಸಿದಾಗ ಅವನು ಎಂಟನೆಯ ತರಗತಿಯಲ್ಲಿದ್ದ; ಈಗ ಹತ್ತನೆಯದರಲ್ಲಿದ್ದಾನೆ. ಮೊದಲ ವರ್ಷ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಎದುರಾಳಿ 10 ಅಂಕಗಳಿಂದ ಮುಂದೆ ಹೋದದ್ದರಿಂದ ಅವನ ಪಂದ್ಯ ಮೊದಲ ಸುತ್ತಿನಲ್ಲೇ ಮುಗಿದಿತ್ತು. ಬಿಡಿಸಿಬಿಡೋಣ ಎಂದುಕೊಂಡಿದ್ದ ನನಗೆ ಕುಸ್ತಿ ಕಲಿಸುವ ವಸ್ತಾದರು, "ಅವನ ಕಾಲು ಇನ್ನಾ ನೆಲ ಹಿಡದಿಲ್ರಿ, ಅದು ಮೊದಲ ಆಗಲಿ" ಎಂದರು.

ಅವರ ಮಾತು ನಿಜವಾಗಿತ್ತು. ಮೂರು ತಿಂಗಳು ಹೊಸ ಪಟ್ಟುಗಳನ್ನೆಲ್ಲ ನಿಲ್ಲಿಸಿ, ನಿಲುವು ಮತ್ತು ನುಗ್ಗುವ ಹೆಜ್ಜೆಯನ್ನಷ್ಟೇ ಮಾಡಿಸಿದರು. ಸೊಂಟಕ್ಕೆ ಟವೆಲ್ ಸುತ್ತಿ ಒಬ್ಬರು ಹಿಂದಿನಿಂದ ಎಳೆಯುತ್ತಿದ್ದರೆ, ಹುಡುಗ ಆ ಎಳೆತಕ್ಕೆ ಎದುರಾಗಿ ಮೊಣಕಾಲನ್ನು ಎದುರಾಳಿಯ ಪಾದಗಳ ನಡುವೆ ಊರಿ, ತಲೆ ತಗ್ಗಿಸದೆ ಕಾಲಿಗೆ ಕೈ ಹಾಕಬೇಕು. ಅಂಗಳದ ಕೆಂಪು ಮಣ್ಣಿನಲ್ಲಿ ಹೆಜ್ಜೆ ಹೂತುಕೊಳ್ಳುತ್ತದೆ, ಶಾಲಾ ಪಂದ್ಯಗಳು ನಡೆಯುವ ಮ್ಯಾಟಿನ ಮೇಲೆ ಆಟದ ವೇಗ ಹೆಚ್ಚು; ಆದ್ದರಿಂದ ವಾರಕ್ಕೆ ಮೂರು ದಿನ ಮ್ಯಾಟಿನ ಮೇಲೆಯೇ ಅಭ್ಯಾಸವಿರುತ್ತದೆ. ಈ ವರ್ಷ ಅವನು ತಾಲ್ಲೂಕು ಮಟ್ಟದಲ್ಲಿ ಗೆದ್ದು ಜಿಲ್ಲೆಗೆ ಹೋದ. ಅವನಂತೆಯೇ ಮೊದಲು ಸೋತು ನಂತರ ಗಟ್ಟಿಯಾದ ಇನ್ನಿಬ್ಬರನ್ನು ನಾನು ಈ ಗರಡಿಯಲ್ಲೇ ಕಂಡಿದ್ದೇನೆ.

ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಕಡಿಮೆ ತೂಕದ ವಿಭಾಗದಲ್ಲಿ ಆಡಿಸಲು ತೂಕ ಇಳಿಸಲೆಂದು ಬೆಳೆಯುವ ಮಕ್ಕಳನ್ನು ಇಲ್ಲಿ ಉಪವಾಸ ಕೆಡವುವುದಿಲ್ಲ. ಆದರೆ ಮ್ಯಾಟಿನ ಹೊಲಿಗೆ ಎರಡು ಕಡೆ ಬಿಚ್ಚಿದ್ದು, ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಅದನ್ನು ಬೇಗ ಸರಿಪಡಿಸಬೇಕು. ಬೇಸಿಗೆಯಲ್ಲಿ ತಗಡಿನ ಮಾಡು ಕಾಯುವುದರಿಂದ, ಸೇರಿಸುವವರು ಬೆಳಗಿನ ತಾಲೀಮನ್ನೇ ಕೇಳಿ ಪಡೆಯುವುದು ಒಳ್ಳೆಯದು.