ಕನ್ನಡ ಕ್ಲಾಸಲ್ಲಿ ಮೂರು ವರ್ಷ ಸ್ಕ್ರ್ಯಾಚ್: ನನ್ಗೆ ಬೇಕಾಗಿದ್ದು ಆ ಮೈಕ್ ಬಟನ್ನು

ಸ್ಕ್ರ್ಯಾಚ್ ಬಗ್ಗೆ ಜಾಸ್ತಿ ಹೇಳೋಕೆ ಹೋಗಲ್ಲ, ಬಣ್ಣಬಣ್ಣದ ಬ್ಲಾಕ್ ಜೋಡಿಸಿ ಚಿತ್ರಗಳನ್ನ ಓಡಾಡ್ಸೋ, ಮಾತಾಡ್ಸೋ ಫ್ರೀ ಸಾಫ್ಟ್‌ವೇರ್, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, 2007ರಿಂದ ಇದೆ, ಮಕ್ಕಳಿಗೆ ಕೋಡಿಂಗ್ ಕಲಿಸೋಕೆ ಮಾಡಿರೋದು. ನಾನು ಸರ್ಕಾರಿ ಶಾಲೆ ಕನ್ನಡ ಟೀಚರು, ಬಳಸ್ತಿರೋದು ಕತೆ ಹೇಳ್ಸೋಕೆ.

ಇದಕ್ಕೂ ಮುಂಚೆ ಒಂದು ಫ್ರೀ ಪೋಸ್ಟರ್ ಸೈಟ್ ಹಿಡ್ಕೊಂಡು ಒದ್ದಾಡಿದೀನಿ. ಮಕ್ಕಳು ಏನು ಮಾಡಬೇಕಂದ್ರೂ ಇಮೇಲ್ ಕೇಳೋದು, ಏಳನೇ ಕ್ಲಾಸ್ ಮಕ್ಕಳಿಗೆ ಇಮೇಲ್ ಎಲ್ಲಿಂದ ತರ್ಲಿ? ಸರಿ ಅಂತ ನನ್ನ ಲಾಗಿನ್ನಲ್ಲೇ ಮಾಡ್ಸಿದ್ರೆ ಡೌನ್‌ಲೋಡ್ ಆಗೋ ಹೊತ್ತಿಗೆ ಒತ್ತಕ್ಷರ ಬಿಚ್ಚಿಕೊಂಡು 'ಅಮ್ಮ' ಹೋಗಿ 'ಅಮ್‌ಮ' ಆಗಿರ್ತಿತ್ತು. ಅದನ್ನ ಕನ್ನಡ ಕ್ಲಾಸಿನ ಗೋಡೆಗೆ ಹೆಂಗೆ ಅಂಟಿಸೋದು ಹೇಳಿ. ಬಿಟ್ಟುಬಿಟ್ಟೆ.

ಸ್ಕ್ರ್ಯಾಚ್‌ಗೆ ಲಾಗಿನ್ ಬೇಕಿಲ್ಲ, ಆಫ್‌ಲೈನ್ ಆ್ಯಪ್ ಮನೇಲಿ ಇಳಿಸ್ಕೊಂಡು ಪೆನ್‌ಡ್ರೈವಲ್ಲಿ ತಂದು ಲ್ಯಾಬಲ್ಲಿ ಓಡೋ ಆರು ಕಂಪ್ಯೂಟರಿಗೂ ಹಾಕ್ದೆ. ಖರ್ಚಾಗಿದ್ದು ಒಂದು ಹೆಡ್‌ಸೆಟ್ಟಿಗೆ ಮಾತ್ರ, ಅದು ಸರದಿ ಮೇಲೆ ಓಡಾಡುತ್ತೆ.

ಶುಕ್ರವಾರ ಕೊನೇ ಪೀರಿಯಡ್ ನಮ್ದು. ಚಪ್ಪಲಿ ಹೊರಗೆ ಬಿಟ್ಟು ಒಂದೊಂದು ಕಂಪ್ಯೂಟರಿಗೆ ಐದೈದು ಮಕ್ಕಳು ಮುತ್ಕೋತಾರೆ. ಒಬ್ರು ಕಾಗೆ ಬಿಡಿಸ್ತಾರೆ, ರೆಕ್ಕೆ ಮೇಲಿರೋದು ಒಂದು, ಕೆಳಗಿರೋದು ಇನ್ನೊಂದು, ಎರಡನ್ನೂ ಬದಲಾಯಿಸ್ತಾ ಹೋದ್ರೆ ಹಾರುತ್ತೆ. ಆಮೇಲೆ ಸ್ಕ್ರ್ಯಾಚಲ್ಲೇ ಇರೋ ಮೈಕ್ ಬಟನ್ ಒತ್ತಿ ಕಾಗೆ ಮಾತನ್ನ ತಮ್ಮ ದನಿಯಲ್ಲೇ ರೆಕಾರ್ಡ್ ಮಾಡ್ತಾರೆ. ರೆಕಾರ್ಡಿಂಗ್ ಅಂದ ತಕ್ಷಣ ಯಾರೋ ಓಡಿಹೋಗಿ ಫ್ಯಾನ್ ಆಫ್ ಮಾಡ್ತಾರೆ, ಇನ್ಯಾರೋ ಕಿಟಕಿ ಹಾಕ್ತಾರೆ, ಬೆಂಚು ಎಳೆಯೋ ಹಾಗಿಲ್ಲ, ಕೆಮ್ಮು ಬಂದ್ರೆ ಆಚೆ ಹೋಗ್ಬೇಕು. ಈ ನಿಯಮ ನಾನು ಮಾಡಿದ್ದಲ್ಲ, ಅವರೇ ಮಾಡ್ಕೊಂಡಿದ್ದು.

ಹೋದ ವರ್ಷ ಒಂದು ತಂಡ ಕಾಗಕ್ಕ ಗುಬ್ಬಕ್ಕನ ಕತೆ ತಗೊಂಡ್ರು. ಓದು ಅಂದ್ರೆ ಎದ್ದು ನಿಂತು ನೆಲ ನೋಡೋ ಹುಡುಗಿ ಒಬ್ಳಿದ್ಲು, ಅವಳು ಕಾಗಕ್ಕ. "ಗುಬ್ಬಕ್ಕ ಗುಬ್ಬಕ್ಕ, ಬಾಕ್ಲು ತೆಗಿಯಕ್ಕ" ಅಂತ ಪಿಸುಗುಟ್ಟಿದ್ಲು. ಪ್ಲೇ ಮಾಡಿದ್ರೆ ಏನೂ ಕೇಳ್ಸಲಿಲ್ಲ. ಪಕ್ಕದವನು ಜೋರು ಮಾಡೋ ಬಟನ್ ತೋರ್ಸಿದ, ಮೂರ್ನಾಲ್ಕು ಸಲ ಒತ್ತಿದ್ಲು, ಗಾಳಿ ಸದ್ದೂ ಜೊತೆಗೇ ಜೋರಾಯ್ತು. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ಅದನ್ನ ಅಳಿಸಿ ಮತ್ತೆ ಹೇಳಿದ್ಲು, ಈ ಸಲ ಗಂಟಲು ತೆಗೆದು. ಆಮೇಲೆ ನನ್ನ ಹತ್ರ ಬಂದು "ಮಿಸ್, ಬಾಗಿಲು ಅನ್ಬೇಕಾ?" ಅಂದ್ಲು. ನೋಟ್‌ಬುಕ್ಕಲ್ಲಿ ಆಗಿದ್ರೆ ನಾನೇ ಕೆಂಪು ಗೆರೆ ಎಳೀತಿದ್ದೆ. ಅವತ್ತು "ನಿಮ್ಮಜ್ಜಿ ಹೆಂಗೆ ಹೇಳ್ತಾರೆ?" ಅಂತ ಕೇಳ್ದೆ. ಬಾಕ್ಲು ಅಂತಾನೇ ಇಟ್ಕೊಂಡ್ಲು.

ಕರೆಂಟ್ ಹೋಗಿ ಎರಡು ಸಲ ಪೂರ್ತಿ ಕೆಲಸ ನೀರಲ್ಲಿ ಹೋಮ ಆಗಿದೆ, ಮಕ್ಕಳು ಅತ್ತಿದಾರೆ. ಈಗ ತಂಡಕ್ಕೊಬ್ರಿಗೆ ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡೋದೇ ಡ್ಯೂಟಿ. ನಿಮ್ಮಲ್ಲಿ ಯುಪಿಎಸ್ ಇಲ್ಲ ಅಂದ್ರೆ ಇದನ್ನ ಮೊದಲ ದಿನವೇ ಶುರು ಮಾಡಿ.

ಆ ಕಾಗಕ್ಕನ ಫೈಲ್ ನನ್ನ ಪೆನ್‌ಡ್ರೈವಲ್ಲಿ ಇನ್ನೂ ಇದೆ. ಈ ವರ್ಷ ಹೊಸ ಮಕ್ಕಳು ಲ್ಯಾಬಿಗೆ ಬಂದಾಗ ಸ್ಕ್ರ್ಯಾಚಲ್ಲಿ ಕತೆ ಶುರು ಮಾಡೋ ಹಸಿರು ಬಾವುಟದ ಬಟನ್ ಒತ್ತಿ ಮೊದಲು ಕೇಳ್ಸಿದ್ದು ಅದನ್ನೇ. ಹಿಂದಿನ ಸಾಲಲ್ಲಿ ಒಬ್ಬ "ಮಿಸ್, ಇದು ನಮ್ಮಕ್ಕ" ಅಂದ.