ಅಪ್ಪಯ್ಯನ ಕೆಮ್ಮಿಗೆ ಬಲ ಕೊಟ್ಟ ಇಎಂಎಸ್‌ಟಿ 150

ಅಪ್ಪಯ್ಯನಿಗೆ ಪಾರ್ಕಿನ್ಸನ್ ಶುರುವಾಗಿ ಒಂಬತ್ತು ವರ್ಷ. ಮುಂಬಯಿ ಮಾಟುಂಗಾದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತೇ ಅಡುಗೆಮನೆಗೆ ಕೇಳುವಂತೆ ಆರ್ಡರ್ ಕೂಗುತ್ತಿದ್ದವರು. ಕಳೆದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಎಂಟು ದಿನ ಆಸ್ಪತ್ರೆ. ತಿಂದದ್ದು, ಕುಡಿದದ್ದು ಶ್ವಾಸನಾಳಕ್ಕೆ ಇಳಿಯುತ್ತಿತ್ತು, ಕೆಮ್ಮು ಬರುತ್ತಿರಲಿಲ್ಲ. ಊಟಕ್ಕೆ ಕೂತಾಗ ಕೆಮ್ಮುತ್ತಿಲ್ಲವಲ್ಲ ಎಂದು ನಾವು ನೆಮ್ಮದಿಯಾಗಿದ್ದೆವು. ಈ ಕಾಯಿಲೆಯಲ್ಲಿ ಕೆಮ್ಮಬೇಕು ಅನ್ನಿಸುವುದೂ ಕಡಿಮೆಯಾಗುತ್ತದೆ, ಕೆಮ್ಮಿನ ರಭಸವೂ ತಗ್ಗುತ್ತದೆ ಎಂದು ಬಿಡಿಸಿ ಹೇಳಿದವರು ಡೊಂಬಿವಲಿಯ ನಮ್ಮ ಸ್ಪೀಚ್ ಥೆರಪಿಸ್ಟ್. ಊದಿ ಊದಿ ಉಸಿರು ಹೊರಹಾಕುವ ಸ್ನಾಯುಗಳಿಗೆ ಬಲ ತರುವ ಇಎಂಎಸ್‌ಟಿ 150 ಎಂಬ ಈ ಸಾಧನ ತರಿಸಿದ್ದೂ ಅವರ ಮಾತಿನ ಮೇಲೆಯೇ.

ಆಸ್ಪತ್ರೆಯಲ್ಲಿ ಕೊಡುವ ಮೂರು ಚೆಂಡಿನ ಸಾಧನ ಬೇರೆ, ಇದು ಬೇರೆ. ಅದು ಉಸಿರು ಒಳಗೆಳೆಯಲು, ಇದು ಹೊರಗೆ ಊದಲು. ಆನ್‌ಲೈನ್ ಮಾರುವವರೊಬ್ಬರು ನಮಗೆ ಅದನ್ನೇ ಕಳಿಸಿ ಹತ್ತು ದಿನ ಹಾಳುಮಾಡಿದರು. ಇದರೊಳಗೆ ಸ್ಪ್ರಿಂಗ್ ಕವಾಟವಿದೆ; ಸಾಕಷ್ಟು ಜೋರಾಗಿ ಊದಿದರೆ ಮಾತ್ರ ತೆರೆದುಕೊಳ್ಳುತ್ತದೆ. 30ರಿಂದ 150 ಸೆಂಟಿಮೀಟರ್ ನೀರಿನ ಒತ್ತಡದವರೆಗೆ ಬಿಗಿ ಮಾಡಬಹುದು.

ಐದು ಸಲ ಊದಿದರೆ ಒಂದು ಸುತ್ತು. ದಿನಕ್ಕೆ ಐದು ಸುತ್ತು, ವಾರಕ್ಕೆ ಐದು ದಿನ. ಪಾರ್ಕಿನ್ಸನ್ ಮಾತ್ರೆ ಸಿಂಡೋಪಾ ನುಂಗಿ, ಮೈ ಸಡಿಲವಾದ ಮೇಲೆ ಕೂರಿಸುತ್ತಿದ್ದೆವು. ಮೊದಲ ವಾರ ಕೆನ್ನೆ ಉಬ್ಬಿದ್ದೇ ಬಂತು, ಗಾಳಿಯೆಲ್ಲ ತುಟಿಯಂಚಿನಲ್ಲಿ ಸೋರಿತು. ಕೊನೆಗೆ ಅಮ್ಮ ಎದುರಿಗೆ ಕೂತು ಎರಡೂ ಕೆನ್ನೆ ಒತ್ತಿ ಹಿಡಿದು, "ಹಾಂ, ಈಗ ಊದಿ ಕಾಂಬ" ಅಂದಳು. ಭುಸ್ಸೆಂದು ಕವಾಟ ತೆರೆಯಿತು. ಅಪ್ಪಯ್ಯನ ಕಣ್ಣರಳಿತು.

2010ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 60 ಪಾರ್ಕಿನ್ಸನ್ ರೋಗಿಗಳು ನಾಲ್ಕು ವಾರ ಊದಿದ್ದರು, ಅರ್ಧ ಮಂದಿಯದು ಹೋಲಿಕೆಗೆಂದು ಕೊಟ್ಟ ಹುಸಿ ಸಾಧನ. ನಿಜವಾದದ್ದನ್ನು ಊದಿದವರಲ್ಲಿ ನುಂಗುವಿಕೆ ಹೆಚ್ಚು ಸುರಕ್ಷಿತವಾಯಿತು. ನಮ್ಮ ಮನೆಯಲ್ಲಿ ಐದನೇ ವಾರ ತಿಳಿಸಾರಿನ ಸಾಸಿವೆಯೊಂದು ಗಂಟಲಿಗೆ ಸಿಕ್ಕಿ ಅಪ್ಪಯ್ಯ ಕೆಮ್ಮಿದರು. ಗಲ್ಲಾದ ಕಾಲದ ಆ ದನಿಯಂಥದೇ ಕೆಮ್ಮು! ಅಮ್ಮ ಸೌಟು ಹಿಡಿದೇ ಓಡಿಬಂದು ಅತ್ತುಬಿಟ್ಟಳು.

ಕೊರತೆಗಳೂ ಇವೆ. ಬೆಲೆ ಹೆಚ್ಚು. ಬಿಗಿ ಮಾಡುವ ತಿರುಪು ನಡುಗುವ ಕೈಗೆ ಆಗುವಂಥದ್ದಲ್ಲ, ಮೂಗಿನ ಕ್ಲಿಪ್ ಬೆವರಿಗೆ ಜಾರುತ್ತದೆ. ಬಿಪಿ ಹತೋಟಿಯಲ್ಲಿಲ್ಲದವರು, ಹರ್ನಿಯಾ, ಗ್ಲೂಕೋಮಾ ಇರುವವರು ಡಾಕ್ಟರನ್ನು ಕೇಳದೆ ಊದಬಾರದು. ಎಷ್ಟು ಬಿಗಿ ಬೇಕೆಂದು ಥೆರಪಿಸ್ಟೇ ಅಳೆದು ಹೇಳಬೇಕು. ಸಾಧನ ಕೊಡುವುದು ಬಲ ಮಾತ್ರ. ಗುಟುಕು ನುಂಗಿ ಬೇಕೆಂದೇ ಗಟ್ಟಿಯಾಗಿ ಕೆಮ್ಮುವ ಅಭ್ಯಾಸವನ್ನು ಅವರು ಬೇರೆಯಾಗಿ ಮಾಡಿಸುತ್ತಿದ್ದಾರೆ.

ಪೂರ್ತಿ ಬಿಟ್ಟರೆ ಬಂದ ಬಲ ಇಳಿಯುತ್ತದಂತೆ. ಹಾಗಾಗಿ ಈಗಲೂ ವಾರಕ್ಕೆ ಮೂರು ದಿನ ಊದುತ್ತಾರೆ. ನೀರು ಮಾತ್ರ ಇನ್ನೂ ಗುಟುಕು ಗುಟುಕಾಗಿ, ಅಮ್ಮ ಎದುರಿಗಿದ್ದಾಗಲೇ.